ಎರಡು ಕ್ಯಾಮೆರಾ, ಒಂದು ಮುಖ

ಸಂಬಂಧ ಕೇಳಲು ಕಳಿಸುವ ಫೋಟೋ ಅಂದರೆ ಸ್ಟುಡಿಯೋದ ಸಾಬರು ಹಳೇದು, ಹೊಸದು ಎರಡೂ ಕ್ಯಾಮೆರಾದಲ್ಲಿ ತೆಗೆಯುವವರು. ಅದೇ ಸೀರೆ, ಅದೇ ಬಿಳಿ ಪರದೆ. ಹೊಸದರಲ್ಲಿ ನೇತ್ರಾ ಗೋಧಿಬಣ್ಣ, ಹಳೇದರಲ್ಲಿ ಇದ್ದಿಲು.

“ಇದೆಂಥಾ ಮೋಸ?” ಎಂದರು ಅಮ್ಮ.

“ಮೋಸ ಅಲ್ಲಮ್ಮ. ಹೊಸದು ಮುಖ ಹುಡುಕಿ ಅಲ್ಲಿನ ಬೆಳಕನ್ನಷ್ಟೇ ಅಳೆದು, ಸಾಲದು ಅಂತ ಜಾಸ್ತಿ ಮಾಡುತ್ತೆ. ಹಳೇದು ಪರದೆ ಸಮೇತ ಅಳೆದು, ಬೆಳಕು ಜಾಸ್ತಿಯಾಯ್ತು ಅಂತ ಎಲ್ಲಾನೂ ಮಂಕು ಮಾಡುತ್ತೆ. ನಿಮ್ಮ ಮಗಳ ಬಣ್ಣ ಎರಡರ ನಡುವೆ ಇದೆ.”

“ಹಾಗಾದ್ರೆ ಬೆಳ್ಳಗಿರೋದನ್ನೇ ಕೊಡಿ.”

“ಬೇಡ, ಕಪ್ಪಗಿರೋದು ಕೊಡಿ,” ಎಂದಳು ನೇತ್ರಾ. “ಹೋದ ಸಲ ಬೆಳ್ಳಗಿನ ಫೋಟೋ ನೋಡಿ ಬಂದವರು, ನಾನು ಕಾಫಿ ಕೊಟ್ಟ ಮೇಲೂ ಹುಡುಗಿ ಎಲ್ಲಿ ಅಂತ ಬಾಗಿಲ ಕಡೆಗೇ ನೋಡ್ತಾ ಕೂತಿದ್ರು. ಈ ಸಲ ಇದನ್ನ ನೋಡಿ ಬರೋರು ಬರಲಿ. ಇಲ್ದಿದ್ರೆ ಅವರ ಮನೇಲೇ ಇರಲಿ.”

“ಹುಡುಗ ಹೇಗಿದ್ದಾನೆ ನೋಡೇ, ಹಾಲಿನಂಥ ಬಣ್ಣ!” ಅಮ್ಮ ಚೀಲದಿಂದ ಅವನ ಫೋಟೋ ತೆಗೆದು ಮೇಜಿನ ಮೇಲೆ ಕುಕ್ಕಿದರು. “ಇವನು ಒಪ್ಪಬೇಡ್ವೇನೇ?”

“ಒಪ್ಪದಿದ್ರೆ ಅವನ ಕರ್ಮ.”

ಸಾಬರು ಆ ಫೋಟೋ ತಿರುಗಿಸಿ, ಬೆನ್ನಿಗಿದ್ದ ಮುದ್ರೆ ನೋಡಿದರು. ತಮ್ಮದೇ ಸ್ಟುಡಿಯೋದ್ದು. ಡ್ರಾಯರ್ ಎಳೆದು, ಅದೇ ಹುಡುಗನ ಇನ್ನೊಂದು ಫೋಟೋ ಹುಡುಕಿ ತೆಗೆದು ನೇತ್ರಾಳ ಕಪ್ಪು ಫೋಟೋದ ಪಕ್ಕಕ್ಕಿಟ್ಟರು. ಅದೂ ಇದ್ದಿಲೇ.

“ಇದನ್ನೇ ಕಳಿಸಿ ಅಂತ ಇವನೂ ಇಲ್ಲೇ ನಿಂತು ಜಗಳ ಆಡಿದ, ಅವರಮ್ಮ ಬಿಡಲಿಲ್ಲ.”