ಸ್ತುತಿಯಿಲ್ಲದ ಪದ್ಯ

ಆಲೆಮನೆಯ ಬಿಸಿಬೆಲ್ಲದ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಮದ್ದೂರಿನ ಶಾಲೆಯಲ್ಲಿ ಪದ್ಯ ಬರೆಯುವ ಸ್ಪರ್ಧೆಯಿತ್ತು; ಅಪ್ಪನೂ ಜೊತೆಗೆ ಬಂದಿದ್ದ. ನಾನು ನಮ್ಮ ಆಲೆಮನೆಯ ಮೇಲೆ ಬರೆದಿದ್ದೆ. ಕೊಪ್ಪರಿಗೆಯಲ್ಲಿ ಉಕ್ಕುವ ಕಬ್ಬಿನ ಹಾಲು, ಅಪ್ಪನ ಬೊಬ್ಬೆಯೆದ್ದ ಅಂಗೈ, ಎಲ್ಲ ಅದರಲ್ಲಿತ್ತು. ತೀರ್ಪು ಕೊಡಲು ಬಂದಿದ್ದ ಶಾಸ್ತ್ರಿಗಳು ಮೊದಲ ಸಾಲಿಗೇ ನಿಂತರು.

"ಗಣಪತಿ ಸ್ತುತಿ ಎಲ್ಲಿ ಮಗು? ಮಹಾರಾಜರ ಹೆಸರೂ ಇಲ್ಲ."

"ಮುಂದಕ್ಕೆ ಓದಿ ಸ್ವಾಮಿ," ಎಂದೆ. ಅವರು ಹಾಳೆಯನ್ನು ಮಗುಚಿಟ್ಟರು.

"ಸುಮ್ಕಿರವ್ವ, ತಿಳ್ದೋರು ಏಳ್ತಾವ್ರೆ," ಎಂದ ಅಪ್ಪ, ತಂದಿದ್ದ ಹೊಸ ಬೆಲ್ಲದಚ್ಚನ್ನು ಅವರ ಮುಂದಿಟ್ಟು ಕೈಮುಗಿದ.

ಶಾಸ್ತ್ರಿಗಳು ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. "ಎಂಥಾ ಬೆಲ್ಲವಯ್ಯ. ಹೇಗೆ ಮಾಡ್ತೀಯ ಇದನ್ನ?"

ಅಪ್ಪ ಕೊಪ್ಪರಿಗೆಯಿಂದ ಶುರುಮಾಡಿದ. ಅವರು ತಲೆದೂಗಿ ಕೇಳಿದರು. ಅವರ ಮೊಣಕೈ ಕೆಳಗೆ ನನ್ನ ಹಾಳೆ ಬೋರಲು ಬಿದ್ದಿತ್ತು.