ಗಿಡಕ್ಕೆ ಹಾಕಿದ್ದು

ಮೂರನೆಯ ಕುರಿಯೂ ಕಾಲು ಸೆಟೆದುಕೊಂಡು ಬಿದ್ದಾಗ ಗಂಗಕ್ಕ ತೊಟ್ಟಿಯ ನೀರಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು. ಮೊದಲು ತಣ್ಣಗೆನಿಸಿತು, ಆಮೇಲೆ ಕಹಿ. ಥೂ ಎಂದು ಉಗಿದು ಸುತ್ತ ನೋಡಿದಳು. ತೊಟ್ಟಿಯ ಹಿಂದೆ, ಹೊಂಗೆ ಗಿಡದ ಬುಡದಲ್ಲಿ, ಬಾಯಿ ಕತ್ತರಿಸಿದ ಯೂರಿಯಾ ಚೀಲ ಖಾಲಿಯಾಗಿ ಬಿದ್ದಿತ್ತು.

"ಇದು ನೀರಲ್ಲ, ಗೊಬ್ಬರ! ಹೊಡೀರಿ, ಉಳಿದ ಕುರೀನೆಲ್ಲ ಆ ಕಡಿಗೆ ಹೊಡೀರಿ!"

ಗಂಡ ಸುಂಕಪ್ಪ ಮಂದೆಯನ್ನು ದೂರ ಅಟ್ಟಿ, ಹುಣಸೆಹುಳಿ ಕಿವುಚಿದ ನೀರನ್ನು ಬಿದಿರಿನ ಗೊಟ್ಟದಲ್ಲಿ ತುಂಬಿಕೊಂಡು ಓಡಿ ಬಂದ. ನಡುಗುತ್ತಿದ್ದ ಕುರಿಗಳ ದವಡೆಯನ್ನು ಗಂಗಕ್ಕ ಒಂದೊಂದಾಗಿ ಬಿಡಿಸಿ ಹಿಡಿದಳು. ಕೆಲವು ನುಂಗಿದವು. ಬಿಳಿ ಕಿವಿಯ ಕುರಿಯ ಬಾಯಿಂದ ಮಾತ್ರ ಹುಳಿನೀರು ನೊರೆಯ ಜೊತೆ ಹೊರಗೇ ಹರಿಯಿತು. ಅದು ಈ ಸಲವೇ ಮೊದಲು ಈದದ್ದು. ಮರಿ ಬಂದು ಕೆಚ್ಚಲಿಗೆ ಗುದ್ದುತ್ತಿತ್ತು. ಆ ಹಾಲು ಇನ್ನು ಹಾಲೋ ವಿಷವೋ ತಿಳಿಯದೆ ಗಂಗಕ್ಕ ಮರಿಯನ್ನು ಕಾಲಿನಿಂದ ದೂಡಿದಳು.

ಕೌತಾಳಂ ರಸ್ತೆಯ ಈ ಹಳ್ಳದ ದಂಡೆ ಬರೀ ಮರಳು. ಗುರುಪಾದಯ್ಯ ಸಾವ್ಕಾರರು ಇಲ್ಲಿ ಪ್ಲಾಟು ಹಾಕಿಸಿ, ದಾರಿಯ ಎರಡೂ ಬದಿಗೆ ಗಿಡ ನೆಡಿಸಿದ್ದರು. ಗಿಡಗಳು ಆಳೆತ್ತರ ಮೀರಿ ಎದ್ದಿದ್ದವು, ಎಲೆ ಮಾತ್ರ ಕಾಮಾಲೆ ಹಿಡಿದಂತೆ ಹಳದಿ. ಏನು ಹಾಕಿದರೂ ಒಂದು ನೀರಿಗೆ ಕೆಳಗಿಳಿದು ಹೋಗುತ್ತಿತ್ತು. ಹಾಗಾಗಿ ಸಾವ್ಕಾರರು ತಾವೇ ಬಂದು, ಹತ್ತಿ ಹೊಲದಲ್ಲಿ ನಿಲ್ಲಿಸುವಂತೆ ಇಲ್ಲಿಯೂ ಕುರಿ ನಿಲ್ಲಿಸಬೇಕೆಂದು ಕೇಳಿದ್ದರು. ರಾತ್ರಿ ಗಿಡದ ಬುಡದಲ್ಲಿ ಮಂದೆ ಮಲಗುವುದು, ಬೆಳಿಗ್ಗೆ ಹಿಕ್ಕೆಯನ್ನು ಮರಳಿಗೆ ಬೆರೆಸಿ ಮುಚ್ಚುವುದು, ಮಾರನೆಯ ದಿನ ಮುಂದಿನ ಗಿಡಗಳು. ಹಿಕ್ಕೆ ಸಾವ್ಕಾರರಿಗೆ, ಕುರಿ ಕುಡಿಯಲು ತೊಟ್ಟಿ ತುಂಬ ನೀರು ಅವರದು. ಇನ್ನೊಂದು ಮಾತನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ, ಆಡಬೇಕಾಗಿಯೂ ಇರಲಿಲ್ಲ: ಮಂದೆ ಇರುವವರೆಗೆ ನೆಲ ಮಂದೆಯದು. ಹೊಲದ ಒಡೆಯನೂ ಕೇಳದೆ ಅಲ್ಲಿ ಕೈಯಾಡಿಸುವಂತಿಲ್ಲ.

ಸಾವ್ಕಾರರ ಮಗ ತಿಪ್ಪೇಶ ಗೇಟಿನ ಬಳಿಯ ಆಫೀಸಿನಿಂದ ಓಡಿ ಬಂದವನು ಕುರಿಗಳನ್ನು ನೋಡಿ ಅಲ್ಲೇ ನಿಂತುಬಿಟ್ಟ.

"ಏನಾತು ಗಂಗಕ್ಕ?"

"ತೊಟ್ಟ್ಯಾಗ ಏನ್ ಹಾಕೀರಿ ಸಣ್ಣ ಸಾವ್ಕಾರ್ರ?"

"ಯೂರಿಯಾ... ಗಿಡಕ್ಕ ಹಾಕಸೋಣಂತ ಕಲಸಿಟ್ಟಿದ್ದೆ. ಆಳು ಚಾ ಕುಡಿದು ಬರ್ತೀನಂತ ಹೋಗ್ಯಾನ."

"ಕುರಿ ಕುಡಿಯೋ ತೊಟ್ಟ್ಯಾಗ?"

"ಬ್ಯಾರೆ ಡ್ರಮ್ಮು ಇರಲಿಲ್ಲ. ನಿಮ್ಮ ಹಿಕ್ಕಿ ಕೊಳತು ಎಲಿ ಹಸರಾಗೂದು ಯಾವ ಕಾಲಕ್ಕ? ಯೂರಿಯಾ ಹತ್ತಿಗೆ ಹಾಕಿದ್ರ ನಾಕ ದಿನಕ್ಕ ಎಲಿ ಕಪ್ಪು ಹಸರಾಗತೈತಿ. ಬರೋ ಐತವಾರ ಪ್ಲಾಟು ನೋಡಾಕ ಕರ್ನೂಲ್ ಮಂದಿ ಬರ್ತಾರ."

"ಒಂದು ಮಾತು ಹೇಳಬೇಕಿತ್ತಲ್ರಿ. 'ಏ ಗಂಗಕ್ಕ, ನೀರು ಕುಡಿಸಬ್ಯಾಡ' ಅಂತ. ಅಷ್ಟ! ನಾ ಅಲ್ಲೇ ಒಲಿ ಮುಂದ ರೊಟ್ಟಿ ಬಡೀತಿದ್ದೆ. ನಿಮಗ ಕೈನೂ ಮಾಡಿದೆ."

"ಫೋನ್‌ನ್ಯಾಗ ಇದ್ದೆ ಗಂಗಕ್ಕ."

"ಫೋನ್‌ನ್ಯಾಗ ಇದ್ರಿ. ಬಾಯಿ ಫೋನಿಗೆ ಇಟ್ರಿ, ಕಣ್ಣು ಯಾರಿಗೆ ಇಟ್ಟಿದ್ರಿ?"

ತಿಪ್ಪೇಶ ದನದ ಡಾಕ್ಟರಿಗೆ ಫೋನು ಹಚ್ಚಿದ. ಅತ್ತ ಯಾರೂ ಎತ್ತಲಿಲ್ಲ. ಮತ್ತೆ ಹಚ್ಚುವಷ್ಟರಲ್ಲಿ ಅವನಿಗೇ ಒಂದು ಕರೆ ಬಂತು. ಅವನು ಕುರಿಗಳಿಗೆ ಬೆನ್ನು ಮಾಡಿ, ದನಿ ಬದಲಿಸಿ, ತೆಲುಗು ಬೆರೆಸಿ, "ಆಂ ಸಾರ್, ವಚ್ಚೇಯಂಡಿ ಸಾರ್, ಬಂದುಬಿಡ್ರಿ, ರೋಡಿಗೆ ಎರಡೂ ಕಡೆ ಫುಲ್ ಗ್ರೀನರಿ" ಎಂದ. ಆ ಮಾತು ಮುಗಿಯುವುದರೊಳಗೆ ಮೊದಲು ಬಿದ್ದ ಮೂರರಂತೆ ಬಿಳಿ ಕಿವಿಯ ಕುರಿಯೂ ಒಮ್ಮೆ ಕೊಸರಿ ಉಸಿರು ಬಿಟ್ಟಿತು.

ತಿಪ್ಪೇಶ ಫೋನಿಟ್ಟು ತಿರುಗಿ, ಸತ್ತ ಕುರಿಗಳನ್ನು ಎಣಿಸಿದ. ಆಮೇಲೆ ಮೆತ್ತಗೆ ಹೇಳಿದ:

"ಆದದ್ದು ಆತು. ಬಿಸಲು ಏರಿದ್ರ ವಾಸನಿ ಬರತೈತಿ. ಇಲ್ಲೇ ಗಿಡದ ಬುಡಕ್ಕ ಹೂಳಿಬಿಡ್ರಿ. ಅದೂ ಗೊಬ್ಬರ ಆಗತೈತಿ."

ಅವನು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಅದೇ ಗಂಗಕ್ಕನ ಮೈಯೆಲ್ಲ ಉರಿಸಿತು. ಅದಕ್ಕಿಂತ ಹೆಚ್ಚಾಗಿ ಉರಿಸಿದ್ದು, ಆ ಮಾತು ಕೇಳಿದ್ದೇ ತಡ ಸುಂಕಪ್ಪ "ಆತ್ರಿ" ಎಂದು ಸಲಿಕೆಗೆ ಬಾಗಿದ್ದು.

"ತರ್ರಿ ಇಲ್ಲಿ" ಎಂದು ಗಂಡನ ಕೈಯಿಂದ ಸಲಿಕೆ ಕಿತ್ತುಕೊಂಡಳು. ತನ್ನ ಕಂಬಳಿಯನ್ನು ನೆಲಕ್ಕೆ ಹಾಸಿದಳು. ಗುಂಡಿ ತೋಡಲಿಲ್ಲ. ಹತ್ತಿರದ ಗಿಡದ ಸುತ್ತ, ನಿನ್ನೆ ತಾನೇ ಮುಚ್ಚಿದ್ದ ಹಿಕ್ಕೆಯನ್ನು ಬಗೆದು ಬಗೆದು ಕಂಬಳಿಗೆ ಎಸೆಯತೊಡಗಿದಳು.

"ಏನ್ ಮಾಡಾಕತ್ತಿ ಗಂಗಕ್ಕ?"

"ನಮ್ಮದು ನಾವು ಒಯ್ತೀವಿ."

"ಅದೆಂಗ ಒಯ್ತಿ? ಹಿಕ್ಕಿ ನಮ್ಮದು ಅಂತ ಕರಾರಾಗಿತ್ತಲ್ಲ?"

"ಕರಾರು ನೀ ತೊಟ್ಟ್ಯಾಗ ಕಲಸಿದಿ."

ಸುಂಕಪ್ಪ ಬೆಚ್ಚಿ ತಲೆ ಎತ್ತಿದ. ಆ ಮನೆಯವರನ್ನು ಗಂಗಕ್ಕ ಒಮ್ಮೆಯೂ 'ನೀ' ಎಂದವಳಲ್ಲ. ತಿಪ್ಪೇಶನೂ ಅದನ್ನು ಕೇಳಿಸಿಕೊಂಡ. ಗದರಲು ಬಾಯಿ ತೆರೆದವನು, ಸತ್ತ ಕುರಿಗಳ ಕಡೆ ಕಣ್ಣು ಹೋಗಿ, ಬೇರೆಯೇ ಮಾತಾಡಿದ.

"ನನ್ನ ಮ್ಯಾಲ ಸಿಟ್ಟಿದ್ರ ನನಗ ಬೈ. ಗಿಡ ಏನ್ ಮಾಡ್ಯಾವ ನಿನಗ?"

ಗಂಗಕ್ಕ ಸೆರಗಿನಿಂದ ಮುಖದ ಮರಳು ಒರೆಸಿಕೊಂಡು, ಮೇಲಿನ ಹಳದಿ ಎಲೆಗಳನ್ನು ಒಂದು ಗಳಿಗೆ ನೋಡಿದಳು.

"ಏನೂ ಮಾಡಿಲ್ಲ" ಎಂದಳು. "ಕುರಿನೂ ಏನೂ ಮಾಡಿರಲಿಲ್ಲ."

ಮತ್ತೆ ಮುಂದಿನ ಗಿಡದ ಬುಡಕ್ಕೆ ಸಲಿಕೆ ಹಾಕಿದಳು.