ಅಡ್ಮಿನ್ ಪಾಸ್‌ವರ್ಡ್

ಸಾರು ಬಡಿಸುವಷ್ಟರಲ್ಲಿ ಗಂಡ ಎದೆ ಹಿಡಿದುಕೊಂಡು ಕುಸಿದುಬಿದ್ದ. ಹೊಸ ಬಡಾವಣೆಯ ಆ ಮನೆಗೆ ಅವರು ಬಂದು ಎರಡೇ ದಿನ. ಮೊಬೈಲಿಗೆ ಸಿಗ್ನಲ್ಲೇ ಇಲ್ಲ. ಅವಳು ಇಂಟರ್ನೆಟ್ ಕೇಬಲ್ ಸಿಕ್ಕಿಸಿದ್ದ ಗಂಡನ ಆಫೀಸಿನ ಲ್ಯಾಪ್‌ಟಾಪಿನಲ್ಲಿದ್ದ ಫೋನ್ ಆಪ್‌ನಿಂದ ಆಂಬುಲೆನ್ಸಿಗೆ ಕರೆ ಮಾಡಿದಳು.

"ಅಡ್ರೆಸ್ ಹೇಳಿ ಅಮ್ಮ."

"ಬೀದಿಗಿನ್ನೂ ಹೆಸರಿಟ್ಟಿಲ್ಲ ಸರ್. ಸುತ್ತ ಬರೀ ಖಾಲಿ ಸೈಟು."

"ಹಾಗಾದ್ರೆ ಲೊಕೇಶನ್ ಆನ್ ಮಾಡಿ, ನಮಗೆ ಕಾಣುತ್ತೆ."

ಅವಳು ಒತ್ತಿದಳು. ಮತ್ತೆ ಮತ್ತೆ ಒತ್ತಿದಳು.

"ಆಗ್ತಿಲ್ಲ ಸರ್! ಇದು ಆಫೀಸಿನ ಲ್ಯಾಪ್‌ಟಾಪು, ಅಡ್ಮಿನ್ ಪಾಸ್‌ವರ್ಡ್ ಕೇಳ್ತಿದೆ."

"ಆಫೀಸಿನ ಸಿಸ್ಟಮ್ ಅಲ್ವಾ, ಅದನ್ನ ಅಡ್ಮಿನ್ನೇ ಹಾಕ್ಬೇಕು. ಹೆಸರು ತೋರಿಸ್ತಿದ್ಯಾ?"

ಪರದೆಯ ಮೇಲಿದ್ದ ಹೆಸರನ್ನು ಅವಳು ಎರಡು ಸಲ ಓದಿದಳು.

"ಬೇಗ ಅವರನ್ನ ಕೇಳಿ ಅಮ್ಮ, ಗಾಡಿ ಹೊರಟು ನಿಂತಿದೆ."

"ಗಾಡಿ ಬೇಕಾಗಿರೋದು ಅವ್ರಿಗೇ, ಸರ್."